ಪೂರ್ತಿ ಒಂದು ನಿಮಿಷದ ನಾಡಿ

1986ರ ಸೆಪ್ಟೆಂಬರ್ 2, ಮಂಗಳವಾರ, ಬೆಳಿಗ್ಗೆ 10.15ಕ್ಕೆ ಕಾಮಾಕ್ಷಿಪಾಳ್ಯದ ದೊಡ್ಡಣ್ಣ ಠಾಣೆಯ ಮೆಟ್ಟಿಲು ಹತ್ತಿ ಬಂದು, ಇನ್ಸ್‌ಪೆಕ್ಟರ್ ಗುರುಬಸಪ್ಪನವರ ಮೇಜಿನ ಮೇಲೆ ನಾಲ್ಕು ಪುಟಗಳ ದೂರನ್ನಿಟ್ಟರು. ವಯಸ್ಸು ಅರವತ್ತೆಂಟು. ಮಾಗಡಿ ರಸ್ತೆಯ ಕಡೆ ಬಟ್ಟೆ ಮಿಲ್ಲೊಂದರಲ್ಲಿ ಮೂವತ್ತೆರಡು ವರ್ಷ ಮಗ್ಗದ ಕೆಲಸ, ಅದರಲ್ಲಿ ಹದಿನೆಂಟು ವರ್ಷ ಕಾರ್ಮಿಕ ಸಂಘದ ಕಾರ್ಯದರ್ಶಿ. ನಿವೃತ್ತಿಯಾಗಿ ಹತ್ತು ವರ್ಷವಾಗಿದ್ದರೂ ಬರವಣಿಗೆ ನಿವೃತ್ತಿಯಾಗಿರಲಿಲ್ಲ. ದೂರಿನ ಮೂರನೆಯ ಪುಟದಲ್ಲಿ ‘ನಮ್ಮ ಬೇಡಿಕೆಗಳು’ ಎಂಬ ತಲೆಬರಹವಿತ್ತು, ಕೊನೆಯಲ್ಲಿ ಬೇಡಿಕೆ ಈಡೇರದಿದ್ದರೆ ಆಸ್ಪತ್ರೆಯ ಮುಂದೆ ಧರಣಿ ಕೂರುವ ಎಚ್ಚರಿಕೆಯೂ ಇತ್ತು.

ಗುರುಬಸಪ್ಪ ಎರಡು ಸಲ ಓದಿದರು. ವಿಷಯ ಇಷ್ಟು. ದೊಡ್ಡಣ್ಣನವರ ಹೆಂಡತಿ ಚಿಕ್ಕಲಕ್ಷ್ಮಮ್ಮ ಹೃದಯದ ಕಾಯಿಲೆಯಿಂದ ಬಸವೇಶ್ವರನಗರದಲ್ಲಿ ಡಾ. ನಾಗರಾಜು ನಡೆಸುವ ಹನ್ನೆರಡು ಹಾಸಿಗೆಯ ನರ್ಸಿಂಗ್ ಹೋಮಿನಲ್ಲಿ ಆಗಸ್ಟ್ 25ರಿಂದ ದಾಖಲಾಗಿದ್ದಾರೆ. ಅವರಿಗೆಂದು ಡಾಕ್ಟರು ಬರೆದ ಮಾತ್ರೆಯನ್ನು ಸಿಸ್ಟರ್ ಗಿರಿಜಾದೇವಿ ಆಗಸ್ಟ್ 29ರಿಂದ ಕೊಡುತ್ತಿಲ್ಲ.

‘‘ಕೊಡ್ತಿಲ್ಲ ಅಂತ ನಿಮಗೆ ಹೇಗೆ ಗೊತ್ತು?’’

‘‘ಕಣ್ಣಾರೆ ಕಂಡಿದೀನಿ ಸಾರ್. ಕೈಯಲ್ಲಿ ತಗೊಂಡ ಮಾತ್ರೇನ ವಾಪಸ್ ಬಾಟ್ಲಿಗೆ ಹಾಕಿದ್ರು. ಅವತ್ತಿಂದ ನಮ್ಮ ಮನೆಯವರಿಗೆ ವಾಂತಿ, ಸುಸ್ತು. ಬೆಳ್ಳಗಿರೋದೆಲ್ಲ ಹಳದಿ ಕಾಣ್ಸುತ್ತೆ ಅಂತಾಳೆ. ಮಾತ್ರೆ ಇಲ್ದೆ ಹಿಂಗಾಗಿದೆ. ಆ ಮಾತ್ರೆ ಎಲ್ಲಿಗೆ ಹೋಗ್ತಿದೆ? ಮಾರ್ಕೋತಿದಾರೆ.’’

‘‘ಡಾಕ್ಟರನ್ನ ಕೇಳಿದ್ರಾ?’’

‘‘ಮ್ಯಾನೇಜ್‌ಮೆಂಟು ಯಾವತ್ತು ಸಾರ್ ನಿಜ ಹೇಳಿದೆ?’’

ಹೆಡ್ ಕಾನ್‌ಸ್ಟೇಬಲ್ ಉಗ್ರಪ್ಪ ಪಕ್ಕದಲ್ಲಿ ನಿಂತು ಆಕಳಿಸುತ್ತಿದ್ದರು. ಮೀಸೆ ನೋಡಿದರೆ ಕೇಡಿಗಳು ಬೆವರುವಂಥ ಆಳು, ಆದರೆ ಅವತ್ತು ಆ ಮೀಸೆಯೂ ಜೋತು ಬಿದ್ದಿತ್ತು. ಎಫ್‌ಐಆರ್ ಪುಸ್ತಕ ತೆರೆದು ಕಲಂ 379, ಕಳವು ಎಂದು ಬರೆಯುವಾಗ ಎರಡು ಸಲ ಪೆನ್ನು ಕೆಳಗೆ ಬಿತ್ತು. ಗೋಡೆ ಗಡಿಯಾರದಲ್ಲಿ 11.30 ಆಗುತ್ತಲೇ ದೊಡ್ಡಣ್ಣ ಸಹಿ ಹಾಕಿ, ಕಾಲ ಬುಡದಲ್ಲಿದ್ದ ಊಟದ ಕ್ಯಾರಿಯರ್ ಎತ್ತಿಕೊಂಡರು. ಹನ್ನೆರಡರಿಂದ ಒಂದರವರೆಗೆ ಮಾತ್ರ ಒಳಗೆ ಬಿಡುತ್ತಾರೆ, ತಡವಾದರೆ ಹೆಂಡತಿ ಊಟ ಮಾಡುವುದಿಲ್ಲ ಎಂದು ಹೇಳಿ ಹೋದರು.

ಮಧ್ಯಾಹ್ನ 3.00ಕ್ಕೆ ಇನ್ಸ್‌ಪೆಕ್ಟರ್ ಮತ್ತು ಉಗ್ರಪ್ಪ ನರ್ಸಿಂಗ್ ಹೋಮ್ ತಲುಪಿದರು. ಡಾ. ನಾಗರಾಜು ಪೊಲೀಸ್ ಜೀಪು ನೋಡಿದ ಕೂಡಲೇ ಕಾಫಿ ತರಿಸಿದರು. ಕಾಫಿ ಬರುವುದರೊಳಗೆ ಅವರ ಬಾಯಿಂದ ಮತ್ತೊಂದು ಸಂಗತಿ ಹೊರಬಿತ್ತು. ಡಿಗಾಕ್ಸಿನ್ ಎಂಬ ಆ ಹೃದಯದ ಮಾತ್ರೆಯ ಬಾಟಲಿಯಲ್ಲಿ ಎಂಟು ಮಾತ್ರೆ ಕಡಿಮೆ ಬಿದ್ದಿತ್ತು.

‘‘ಕಡಿಮೆ ಇದೆ ಅಂತ ಯಾರು ಕಂಡುಹಿಡಿದ್ರು?’’

‘‘ಸಿಸ್ಟರ್ ಗಿರಿಜಾದೇವೀನೇ. ನಿನ್ನೆ ಆರು ಕಡಿಮೆ ಅಂದ್ರು, ಈಗ ಇನ್ನೆರಡು. ಆ ಬಾಟ್ಲಿ ಅವರ ವಶದಲ್ಲೇ ಇರೋದು. ನಾನೇನು ಮಾಡ್ಲಿ ಸಾರ್? ಶುಕ್ರವಾರದೊಳಗೆ ಲೆಕ್ಕ ಸರಿಹೋಗದಿದ್ರೆ ರಾಜೀನಾಮೆ ಕೊಡಿ ಅಂದಿದೀನಿ.’’

ಕದ್ದವರೇ ಬಂದು ಕಳವಾಗಿದೆ ಎಂದು ಹೇಳುವುದನ್ನು ಗುರುಬಸಪ್ಪ ಇಪ್ಪತ್ತು ವರ್ಷದ ನೌಕರಿಯಲ್ಲಿ ಕಂಡಿದ್ದು ಕಡಿಮೆ. ಆದರೆ ಕಂಡೇ ಇಲ್ಲ ಎನ್ನುವಂತಿರಲಿಲ್ಲ.

ಗಿರಿಜಾದೇವಿಗೆ ಮೂವತ್ತನಾಲ್ಕು ವರ್ಷ. ನಗರದಾಚೆಯ ಉಲ್ಲಾಳವೆಂಬ ಹಳ್ಳಿಯಿಂದ ಮೊದಲ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ಹೋಗುವವರು. ಆ ಊರಲ್ಲಿ ನರ್ಸಿಂಗ್ ಓದಿದ ಮೊದಲ ಹೆಣ್ಣುಮಗಳು. ಊರಿನ ಅರ್ಧ ಜನರ ಜ್ವರ, ಬಾಣಂತನ ಇವರನ್ನು ಕೇಳಿಯೇ ನಡೆಯುತ್ತಿತ್ತು. ಕಳವಿನ ಕೇಸು ನಿಂತರೆ ನೌಕರಿ ಹೋಗುವುದಷ್ಟೇ ಅಲ್ಲ, ದಾದಿಯರ ನೋಂದಣಿಯಿಂದಲೂ ಹೆಸರು ಹೋಗುತ್ತದೆ, ಆಮೇಲೆ ಎಲ್ಲಿಯೂ ರೋಗಿಯ ಕೈ ಮುಟ್ಟುವಂತಿಲ್ಲ. ಇದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಮುಖ ಬಾಡಿತ್ತು, ದನಿ ಮಾತ್ರ ಅಲುಗಲಿಲ್ಲ.

‘‘ಮಾತ್ರೆ ಕೊಡ್ಲಿಲ್ಲ ಅನ್ನೋದು ನಿಜಾನಾ?’’ ಗುರುಬಸಪ್ಪ ಕೇಳಿದರು.

‘‘ನಿಜ ಸಾರ್.’’

‘‘ಯಾಕೆ?’’

ಉತ್ತರ ಕೊಡುವ ಮೊದಲು ಗಿರಿಜಾದೇವಿ ಉಗ್ರಪ್ಪನವರನ್ನೇ ದಿಟ್ಟಿಸಿದರು. ಉಗ್ರಪ್ಪ ಮತ್ತೊಮ್ಮೆ ಆಕಳಿಸಿ, ತುಟಿ ಸವರಿಕೊಂಡು, ಕೂಜೆಯಿಂದ ಮೂರನೆಯ ಲೋಟ ನೀರು ಬಗ್ಗಿಸಿಕೊಳ್ಳುತ್ತಿದ್ದರು.

‘‘ನೆಗಡಿ ಮಾತ್ರೆ ತಗೊಂಡಿದೀರಾ ನೀವು?’’

ಉಗ್ರಪ್ಪ ಲೋಟ ಹಿಡಿದವರು ಹಾಗೇ ನಿಂತರು. ‘‘ಬೆಳಿಗ್ಗೆ ಎರಡು. ನಿಮಗೆ ಹೆಂಗೆ ಗೊತ್ತಾಯ್ತು ಸಿಸ್ಟರ್?’’

‘‘ಮೂಗು ಒಣಗ್ಸೋ ಮಾತ್ರೆ ಬಾಯೂ ಒಣಗ್ಸುತ್ತೆ, ನಿದ್ದೆನೂ ತರ್ಸುತ್ತೆ. ಒಂದು ಸಾಕಾಗಿತ್ತು. ಇವತ್ತು ಸೈಕಲ್ ಹತ್ತಬೇಡಿ.’’ ಆಮೇಲೆ ಇನ್ಸ್‌ಪೆಕ್ಟರ್ ಕಡೆ ತಿರುಗಿದರು. ‘‘ನಮ್ಮ ಕೆಲಸ ಇದೇ ಸಾರ್. ಮಾತ್ರೆ ಕೊಡೋದು ಅರ್ಧ ಕೆಲಸ. ಕೊಟ್ಟ ಮಾತ್ರೆ ಮೈಯಲ್ಲಿ ಏನು ಮಾಡ್ತಿದೆ ಅಂತ ನೋಡೋದು ಇನ್ನರ್ಧ.’’

ಗುರುಬಸಪ್ಪನವರಿಗೆ ಆ ಕ್ಷಣವೇ ಆಕೆಯ ಮೇಲೆ ವಿಶ್ವಾಸ ಹುಟ್ಟಿತು. ಪೊಲೀಸರಿಗೆ ಅದು ಬೇಗ ಹುಟ್ಟಬಾರದು, ಆದ್ದರಿಂದ ಅದನ್ನು ಮುಖದ ಮೇಲೆ ಬರಗೊಡಲಿಲ್ಲ.

ಗಿರಿಜಾದೇವಿ ವಿವರಿಸಿದರು. ಡಿಗಾಕ್ಸಿನ್ ಹೃದಯದ ಬಡಿತಕ್ಕೆ ಬಲ ಕೊಡುತ್ತದೆ, ಅದರ ಓಟವನ್ನು ತಗ್ಗಿಸುತ್ತದೆ. ಬೇಕಾದಷ್ಟಕ್ಕೂ ಹೆಚ್ಚಾದದ್ದಕ್ಕೂ ನಡುವೆ ಇರುವ ಅಂತರ ತೀರಾ ಕಡಿಮೆ. ವಯಸ್ಸಾದವರ ಮೂತ್ರಪಿಂಡ ಅದನ್ನು ನಿಧಾನವಾಗಿ ಹೊರಹಾಕುವುದರಿಂದ ಮೈಯಲ್ಲಿ ಸೇರುತ್ತಾ ಹೋಗುತ್ತದೆ. ಅದಕ್ಕೇ ಪ್ರತಿ ದಿನ ಮಾತ್ರೆಗೆ ಮುಂಚೆ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಪೂರ್ತಿ ಒಂದು ನಿಮಿಷ ಬಡಿತ ಎಣಿಸಬೇಕು. ಕಾಲು ನಿಮಿಷ ಎಣಿಸಿ ನಾಲ್ಕರಿಂದ ಗುಣಿಸುವ ಹಾಗಿಲ್ಲ, ಏಕೆಂದರೆ ಇಂಥವರ ಹೃದಯ ತಾಳ ತಪ್ಪಿ ಬಡಿಯುತ್ತಿರುತ್ತದೆ. ಅರವತ್ತಕ್ಕಿಂತ ಕಡಿಮೆ ಇದ್ದರೆ ಮಾತ್ರೆ ತಡೆಹಿಡಿದು ಡಾಕ್ಟರಿಗೆ ತಿಳಿಸಬೇಕು.

‘‘ಇಪ್ಪತ್ತೊಂಬತ್ತನೇ ತಾರೀಖು ಬೆಳಿಗ್ಗೆ ಐವತ್ತಾರಿತ್ತು, ಹನ್ನೆರಡಕ್ಕೆ ಮಾತ್ರೆ ಕೊಡೋ ಹೊತ್ತಿಗೂ ಏರಿರ್ಲಿಲ್ಲ. ತಡೆದೆ. ಡಾಕ್ಟರಿಗೆ ಹೇಳ್ದೆ, ಅವರೂ ಸಹಿ ಹಾಕಿದಾರೆ.’’

ಡಾ. ನಾಗರಾಜು ಕಾಫಿ ಲೋಟದೊಳಕ್ಕೆ ನೋಡುತ್ತಾ ತಲೆಯಾಡಿಸಿದರು. ದಿನಕ್ಕೆ ಮೂವತ್ತು ಸಹಿ ಹಾಕುವವರಿಗೆ ಒಂದೊಂದೂ ನೆನಪಿರಬೇಕೆಂದರೆ ಹೇಗೆ.

‘‘ಮನೆಯವರಿಗೆ ಹೇಳಿದ್ರಾ?’’

ಗಿರಿಜಾದೇವಿ ಮೊದಲ ಬಾರಿಗೆ ತಡವರಿಸಿದರು. ‘‘ಡಾಕ್ಟರು ನಿಲ್ಲಿಸಿದಾರೆ ಅಂತ ಹೇಳ್ದೆ. ಯಾಕೆ ಅಂತ ಬಿಡಿಸಿ ಹೇಳ್ಲಿಲ್ಲ. ಅವರು ಕೇಳ್ಲೂ ಇಲ್ಲ, ಮುಖ ತಿರುಗಿಸ್ಕೊಂಡು ಹೋದ್ರು. ಅದು ನನ್ನದೇ ತಪ್ಪು ಸಾರ್.’’

ನಾಡಿಯ ಚಾರ್ಟ್ ಮೇಜಿನ ಮೇಲೆ ಬಂತು. 30ನೇ ತಾರೀಖು ಬೆಳಿಗ್ಗೆ ಐವತ್ತೆಂಟು, ಸಂಜೆ ಐವತ್ತೆರಡು. 31ರ ಬೆಳಿಗ್ಗೆ ಐವತ್ತನಾಲ್ಕು, ಸಂಜೆ ನಲವತ್ತೊಂಬತ್ತು. ಸೆಪ್ಟೆಂಬರ್ 1ರ ಸಂಜೆ ನಲವತ್ತಾರು.

‘‘ಮಾತ್ರೆ ನಿಲ್ಲಿಸಿದ ಮೇಲೆ ಏರಬೇಕು. ಮೊದಲ ದಿನ ಏರ್ತು, ನೋಡಿ, ಐವತ್ತಾರರಿಂದ ಐವತ್ತೆಂಟು. ಆಮೇಲೆ ಇಳಿದಿದೆ. ಅದೂ ರಾತ್ರಿ ಕಳೆದ್ರೆ ಸ್ವಲ್ಪ ಏರುತ್ತೆ, ಸಂಜೆ ಆದ್ರೆ ಬೀಳುತ್ತೆ. ವಾಂತಿ, ಹಳದಿ ಕಾಣೋದು, ಇವೆಲ್ಲ ಮಾತ್ರೆ ಇಲ್ಲದ್ದಕ್ಕೆ ಆಗೋದಲ್ಲ ಸಾರ್. ಮಾತ್ರೆ ಜಾಸ್ತಿ ಆದ್ರೆ ಆಗೋದು.’’

‘‘ಅಂದ್ರೆ?’’

‘‘ನಾವು ನಿಲ್ಲಿಸಿದೀವಿ. ಯಾರೋ ಕೊಡ್ತಾ ಇದಾರೆ. ಇವತ್ತು ಮಧ್ಯಾಹ್ನದವರೆಗೂ ಕಾಯಿಲೇನೇ ಜೋರಾಯ್ತೇನೋ ಅಂದ್ಕೊಂಡಿದ್ದೆ. ಎಂಟು ಮಾತ್ರೆ ಕಡಿಮೆ ಬಿದ್ದದ್ದನ್ನೂ ಈ ಚಾರ್ಟನ್ನೂ ಪಕ್ಕದಲ್ಲಿ ಇಟ್ಟು ನೋಡಿದ್ಮೇಲೆ ಹೊಳೀತು.’’

‘‘ಎಷ್ಟು ಹೊತ್ತಿಗೆ ಕೊಡ್ತಿರಬಹುದು?’’

‘‘ನುಂಗಿದ ಒಂದೆರಡು ಗಂಟೆಗೆ ಶುರುವಾಗಿ ಐದಾರು ಗಂಟೆಗೆ ಪೂರ್ತಿ ಹಿಡಿಯುತ್ತೆ. ಸಂಜೆ ಆರಕ್ಕೆ ತೀರಾ ಕೆಳಗಿದೆ ಅಂದ್ರೆ ಹನ್ನೆರಡು, ಒಂದರ ಸುಮಾರು.’’

ಗುರುಬಸಪ್ಪನವರಿಗೆ ಊಟದ ಕ್ಯಾರಿಯರ್ ನೆನಪಾಯಿತು.

3.50ಕ್ಕೆ ಅವರು ಹೆಂಗಸರ ವಾರ್ಡಿಗೆ ಹೋದಾಗ ಅಲ್ಲಿ ಅರ್ಧ ಹಬ್ಬವೇ ನಡೆದಿತ್ತು. ಗೌರಿ ಹಬ್ಬಕ್ಕೆ ಇನ್ನು ನಾಲ್ಕು ದಿನ. ಮುದುಕಿಯ ಕಣ್ಣಿಗೆ ಲೋಕವೆಲ್ಲ ಹಳದಿ ಕಾಣುತ್ತಿದೆಯೆಂಬ ಸುದ್ದಿ ವಾರ್ಡಿನಲ್ಲಿ ಹಬ್ಬಿ, ಗೌರಮ್ಮ ಈ ಸಲ ಇವರ ಮೈಮೇಲೆ ಮೊದಲೇ ಬಂದಿದ್ದಾಳೆ ಎಂದು ತೀರ್ಮಾನವಾಗಿತ್ತು. ಮೂರನೆಯ ಹಾಸಿಗೆಯವಳು ಕಾಲಿಗೆ ಬಿದ್ದು ಹೋಗಿದ್ದಳು. ಐದನೆಯ ಹಾಸಿಗೆಯವಳು ಸೇವಂತಿಗೆ ಮುಡಿಸಿದ್ದಳು. ಚಿಕ್ಕಲಕ್ಷ್ಮಮ್ಮ ಸೋತು ಮಲಗಿದ್ದರೂ ಈ ಮರ್ಯಾದೆಯನ್ನು ಬೇಡವೆನ್ನುವಷ್ಟು ಸೋತಿರಲಿಲ್ಲ.

‘‘ಏನಮ್ಮಾ, ಹೇಗಿದೀರಿ?’’

‘‘ಇಡೀ ಆಸ್ಪತ್ರೆಗೆ ಅರಿಶಿನ ಹಚ್ಚಿದಂಗೈತೆ ಕಣಪ್ಪ. ಡಾಕ್ಟ್ರ ಕೋಟಿಗೂ ಹಚ್ಚವ್ರೆ. ನಿನ್ನ ಬಟ್ಟೆ ಬಿಡು, ಅದು ಮೊದ್ಲೇ ಹಂಗೆ.’’

‘‘ಮಧ್ಯಾಹ್ನ ಏನು ಊಟ ಮಾಡಿದ್ರಿ?’’

‘‘ಅವ್ರೇ ತತ್ತಾರೆ. ಅನ್ನ, ಸೊಪ್ಪಿನ ಸಾರು. ಕೊನೆಗೊಂದು ಏಲಕ್ಕಿ ಬಾಳೆಹಣ್ಣು. ಅದನ್ನ ಮಾತ್ರ ನನ್ನ ಕೈಗೆ ಕೊಡಲ್ಲ, ಅವ್ರೇ ಸುಲಿದು ತಿನ್ನುಸ್ತಾರೆ. ಮದ್ವೆ ಆಗಿ ನಲವತ್ತೊಂಬತ್ತು ವರ್ಷಕ್ಕೆ ಈಗ ಸುರುವಾಗೈತೆ.’’ ಪಕ್ಕದ ಹಾಸಿಗೆಯವರು ನಕ್ಕರು. ಮುದುಕಿ ದನಿ ತಗ್ಗಿಸಿದರು. ‘‘ಈ ನಡುವೆ ಹಣ್ಣು ಸ್ವಲ್ಪ ಕಹಿ ಕಣಪ್ಪ. ಹೇಳಿದ್ರೆ ಬೇಜಾರು ಮಾಡ್ಕತ್ತಾರೆ ಅಂತ ನುಂಗಿಬಿಡ್ತೀನಿ.’’

ಗಿರಿಜಾದೇವಿ ಮತ್ತು ಗುರುಬಸಪ್ಪ ಒಬ್ಬರನ್ನೊಬ್ಬರು ನೋಡಿದರು. ಉಗ್ರಪ್ಪನವರ ನಿದ್ದೆ ಅಲ್ಲಿಗೆ ಹಾರಿಹೋಯಿತು.

ಹೊರಗೆ ಬಂದು ಗುರುಬಸಪ್ಪ, ನಾಳೆ ಮಧ್ಯಾಹ್ನ ಮಾತ್ರೆ ಕೈಯಲ್ಲಿರುವಾಗಲೇ ಹಿಡಿಯಬೇಕು, ಇಲ್ಲದಿದ್ದರೆ ಆ ಮನುಷ್ಯ ನಾಲ್ಕಕ್ಕೆ ಎಂಟು ಪುಟ ಬರೆಯುತ್ತಾನೆ ಎಂದರು. ಗಿರಿಜಾದೇವಿ ಒಪ್ಪಿದರು, ಒಂದು ಷರತ್ತಿನ ಮೇಲೆ.

‘‘ಆ ಹಣ್ಣು ಅಮ್ಮನ ಬಾಯಿಗೆ ಹೋಗಬಾರದು ಸಾರ್. ನಲವತ್ತಕ್ಕಿಂತ ಇಳಿದ್ರೆ ಉಳಿಸೋದು ಕಷ್ಟ. ನನ್ನ ಕೆಲಸ ಹೋದ್ರೂ ಪರವಾಗಿಲ್ಲ, ಅದು ಆಗಬಾರದು.’’

ಅಂದು ಸಂಜೆ 6.00ಕ್ಕೆ ನಾಡಿ ನಲವತ್ತನಾಲ್ಕು. ಗಿರಿಜಾದೇವಿ ಊರಿನ ಬಸ್ಸು ಬಿಟ್ಟು ಅಲ್ಲೇ ಉಳಿದರು. ಗಂಟೆಗೊಂದು ಸಲ ಎಣಿಸಿದರು, ಪ್ರತಿ ಸಲವೂ ಪೂರ್ತಿ ನಿಮಿಷ.

ಸೆಪ್ಟೆಂಬರ್ 3, ಬುಧವಾರ. 11.45ಕ್ಕೆ ಗುರುಬಸಪ್ಪ ಮಫ್ತಿಯಲ್ಲಿ ವಾರ್ಡಿನ ಮರೆಪರದೆಯ ಹಿಂದೆ ನಿಂತರು. ಉಗ್ರಪ್ಪ ಖಾಲಿ ಹಾಸಿಗೆಯೊಂದರಲ್ಲಿ ತಲೆಯವರೆಗೆ ಹೊದ್ದು ಮಲಗಿದರು. ಮೀಸೆ ಇರುವ ಪೇಷಂಟು ಹೆಂಗಸರ ವಾರ್ಡಿನಲ್ಲಿ ಕಾಣಬಾರದಲ್ಲ. ಪಂಚರಾಗಿ ಗೇಟಿನ ಹೂವಿನ ವ್ಯಾಪಾರದವಳನ್ನೂ ಎದುರುಗಡೆ ಚಹಾ ಅಂಗಡಿಯ ಹನುಮಯ್ಯನನ್ನೂ ಕರೆತಂದು ಬಾಗಿಲ ಹೊರಗೆ ಕೂರಿಸಲಾಗಿತ್ತು.

12.05ಕ್ಕೆ ದೊಡ್ಡಣ್ಣ ಬಂದರು. ಅದೇ ವೇಳೆಗೆ ಗಿರಿಜಾದೇವಿ ದಿನದಂತೆ ಔಷಧಿಯ ಟ್ರಾಲಿಯನ್ನು ಕೈತೊಳೆಯುವ ತೊಟ್ಟಿಯ ಪಕ್ಕ ನಿಲ್ಲಿಸಿ, ಪಕ್ಕದ ಕೋಣೆಗೆ ಇಂಜೆಕ್ಷನ್ ಕೊಡಲು ಹೋದರು. ದೊಡ್ಡಣ್ಣ ಹೆಂಡತಿಗೆ ಊಟ ಮಾಡಿಸಿ, ಕೈ ತೊಳೆಯಲು ಎದ್ದರು. ಎಡಗೈ ನಲ್ಲಿಯ ಮೇಲಿತ್ತು. ಬಲಗೈ ಮೂರನೆಯ ಸಾಲಿನ ಬಾಟಲಿಯ ಮುಚ್ಚಳ ತಿರುಗಿಸಿ, ಎರಡು ಮಾತ್ರೆ ಅಂಗೈಗೆ ಉದುರಿಸಿಕೊಂಡು, ಮುಚ್ಚಳವನ್ನು ಮತ್ತೆ ಬಿಗಿಮಾಡಿತು. ಮೂವತ್ತೆರಡು ವರ್ಷ ಮಗ್ಗದ ಎಳೆ ಗಂಟುಹಾಕಿದ ಬೆರಳುಗಳು, ನೋಡುವಂತಿತ್ತು ಕೆಲಸ. ಮಾತ್ರೆಗಳು ಅರ್ಧ ಸುಲಿದ ಹಣ್ಣಿನೊಳಕ್ಕೆ ಹೋದವು.

‘‘ತಗೋ ಲಕ್ಷ್ಮೀ, ಬಾಯಿ ತೆಗಿ.’’

‘‘ಯಜಮಾನ್ರೇ, ಆ ಹಣ್ಣು ನನಗೆ ಕೊಡಿ,’’ ಗುರುಬಸಪ್ಪ ಪರದೆ ಸರಿಸಿದರು. ಹೊದಿಕೆಯಡಿಯಿಂದ ಉಗ್ರಪ್ಪ ಎದ್ದು ಕೂತರು. ಐದನೆಯ ಹಾಸಿಗೆಯವಳು ಆ ಮೀಸೆ ನೋಡಿ ದೇವರ ಹೆಸರು ಹೇಳಿದಳು.

ದೊಡ್ಡಣ್ಣ ಓಡಲಿಲ್ಲ. ಎದ್ದು ನಿಂತು, ಅಂಗಿ ಸರಿಮಾಡಿಕೊಂಡರು.

‘‘ಮಾತ್ರೆ ನೀವೇ ತಗೋತಿದ್ರಾ?’’

‘‘ಹೌದು.’’

‘‘ಎಷ್ಟು ದಿನದಿಂದ?’’

‘‘ಮೂವತ್ತನೇ ತಾರೀಖಿಂದ. ದಿನಕ್ಕೆರಡು. ಅವತ್ತಿಂದು ಒಂದು, ತಪ್ಪಿಸಿದ್ದಕ್ಕೆ ಇನ್ನೊಂದು.’’

‘‘ಕದ್ದು ಕೊಡ್ತಾ ಇದ್ದವರು ದೂರು ಯಾಕೆ ಕೊಟ್ರಿ?’’

‘‘ಮನವಿ ಬೇರೆ, ಹೋರಾಟ ಬೇರೆ ಸಾರ್. ಎರಡೂ ಒಟ್ಟಿಗೆ ನಡೀಬೇಕು. ಅದು ಕಳವಲ್ಲ. ಅವಳ ಹೆಸರಿಗೆ ಬರೆದಿರೋ ಮಾತ್ರೆ ಅವಳ ಹಕ್ಕು.’’

ಗಿರಿಜಾದೇವಿ ವಾಪಸು ಬಂದು ಬಾಗಿಲಲ್ಲಿ ನಿಂತಿದ್ದರು. ಬೈಯಬಹುದಿತ್ತು. ಬೈಯಲಿಲ್ಲ. ಚಾರ್ಟ್ ತಂದು ಮುದುಕರ ಕೈಗಿಟ್ಟು, ಬೆರಳಿಟ್ಟು ಒಂದೊಂದು ಅಂಕಿಯನ್ನೂ ತೋರಿಸಿದರು.

‘‘ಇದು ನೀವು ಶುರುಮಾಡೋಕೆ ಮುಂಚಿನ ಬೆಳಿಗ್ಗೆ, ಐವತ್ತೆಂಟು. ಇದು ಹಣ್ಣು ತಿಂದ ಮೊದಲ್ನೇ ಸಂಜೆ. ಇದು ಎರಡನೇದು. ಇದು ನಿನ್ನೇದು. ಮಾತ್ರೆ ಸಾಲದೆ ಅಮ್ಮಂಗೆ ಹೀಗಾಗಿಲ್ಲ ತಾತ, ಜಾಸ್ತಿಯಾಗಿ ಆಗಿದೆ. ಬೇಡ ಅಂತ ತಡೆಯೋದೂ ಔಷಧಿ ಕೊಡೋದರಲ್ಲೇ ಒಂದು. ನಾನು ಮೊದಲ ದಿನವೇ ಇದನ್ನ ನಿಮಗೆ ಬಿಡಿಸಿ ಹೇಳಬೇಕಿತ್ತು.’’

ದೊಡ್ಡಣ್ಣ ಅಂಕಿಗಳನ್ನು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಓದಿದರು. ಹದಿನೆಂಟು ವರ್ಷ ಮ್ಯಾನೇಜ್‌ಮೆಂಟಿನ ಅಂಕಿಗಳನ್ನು ತಪ್ಪೆಂದು ಸಾಧಿಸಿದ್ದ ಮನುಷ್ಯ ಈ ಅಂಕಿಗಳಲ್ಲಿ ತಪ್ಪು ಹುಡುಕಲಿಲ್ಲ. ಹಾಸಿಗೆಯ ಕಬ್ಬಿಣದ ಅಂಚು ಹಿಡಿದು ಕುಸಿದು ಕೂತರು.

‘‘ನಾನೇ ಕೊಲ್ತಿದ್ನಾ ಇವಳನ್ನ?’’

‘‘ನಾನಿನ್ನೂ ಸತ್ತಿಲ್ಲ ಕಣ್ರೀ, ಮೇಲೇಳಿ,’’ ಎಂದರು ಚಿಕ್ಕಲಕ್ಷ್ಮಮ್ಮ. ‘‘ಅದಕ್ಕಾ ಹಣ್ಣು ಕಹಿ ಇದ್ದದ್ದು?’’

12.40ರಿಂದ 1.30ರವರೆಗೆ ಪಂಚನಾಮೆ ನಡೆಯಿತು. ಡಿಗಾಕ್ಸಿನ್ ಬಾಟಲಿ ಒಂದು, ನಾಡಿಯ ಚಾರ್ಟಿನ ನಕಲು, ಸ್ಟೀಲ್ ಕ್ಯಾರಿಯರ್ ಒಂದು, ಅರ್ಧ ಸುಲಿದ ಏಲಕ್ಕಿ ಬಾಳೆಹಣ್ಣು ಒಂದು, ಒಳಗೆ ಎರಡು ಮಾತ್ರೆ. ಬಾಳೆಹಣ್ಣನ್ನು ಹೇಗೆ ಮೊಹರು ಮಾಡಬೇಕೆಂದು ಇಲಾಖೆಯ ಯಾವ ಸುತ್ತೋಲೆಯಲ್ಲೂ ಇರಲಿಲ್ಲ. ಸಂಜೆಯೊಳಗೆ ಕಪ್ಪಾಗುತ್ತದೆಂದು ಉಗ್ರಪ್ಪ ಚಿಂತೆಗೆ ಬಿದ್ದರು. ಕೊನೆಗೆ ಗಿರಿಜಾದೇವಿ ಅದನ್ನು ಔಷಧಿಯ ಫ್ರಿಜ್ಜಿನಲ್ಲಿ ಇನ್ಸುಲಿನ್ ಪಕ್ಕ ಇಟ್ಟು, ಮೇಲೆ ‘ಪೊಲೀಸರದು, ತಿನ್ನಬಾರದು’ ಎಂದು ಚೀಟಿ ಅಂಟಿಸಿದರು. ಹೂವಿನವಳು ಪಂಚನಾಮೆಗೆ ಹೆಬ್ಬೆಟ್ಟು ಒತ್ತುವಾಗ ನಗು ತಡೆಯಲಾಗದೆ ಗುರುತು ಅಲುಗಿ, ಎರಡನೆಯ ಸಲ ಒತ್ತಬೇಕಾಯಿತು.

ಮಧ್ಯಾಹ್ನ 2.10ಕ್ಕೆ ದೊಡ್ಡಣ್ಣನವರ ದಸ್ತಗಿರಿಯಾಯಿತು. ನಿರ್ಲಕ್ಷ್ಯದಿಂದ ಇನ್ನೊಬ್ಬರಿಗೆ ನೋವುಂಟುಮಾಡಿದ್ದು, ಕಲಂ 337. ಸಿಸ್ಟರ್ ಮೇಲಿದ್ದ ಕಳವಿನ ಆರೋಪ ಸುಳ್ಳೆಂದು ಕೇಸು ಮುಗಿಸುವ ಬಿ ರಿಪೋರ್ಟ್ ಸಿದ್ಧವಾಯಿತು. ಹತ್ತು ಮಾತ್ರೆಯ ಮಾತು ಬಂದಾಗ ಗುರುಬಸಪ್ಪ, ಲೆಕ್ಕಕ್ಕೆ ಬಾರದಷ್ಟು ಸಣ್ಣ ಕೃತ್ಯ ಅಪರಾಧವಲ್ಲವೆಂದು ಹೇಳುವ ಕಲಂ 95 ಇದೆಯೆಂದು ಪುಸ್ತಕ ತೆರೆದು ತೋರಿಸಿದರು. ಡಾ. ನಾಗರಾಜು ಒಪ್ಪಿದರು. ಜೊತೆಗೆ ಗಿರಿಜಾದೇವಿಯ ಎದುರು ನಿಂತು, ರಾಜೀನಾಮೆ ಮಾತು ತಾನು ಆಡಬಾರದಿತ್ತು ಎಂದರು. ನರ್ಸಿಂಗ್ ಹೋಮಿನ ಹನ್ನೆರಡು ಹಾಸಿಗೆಗೂ ಕೇಳಿಸುವಂತೆ ಹೇಳಿಸಿದ್ದು ಉಗ್ರಪ್ಪ.

ಠಾಣೆಯಲ್ಲಿ ಹೇಳಿಕೆ ಬರೆದುಕೊಳ್ಳುವಾಗ ಗುರುಬಸಪ್ಪ ಒಂದೇ ಪ್ರಶ್ನೆ ಕೇಳಿದರು. ‘‘ಅಷ್ಟೊಂದು ಅನುಮಾನ ಯಾಕೆ ಬಂತು ನಿಮಗೆ?’’

ದೊಡ್ಡಣ್ಣ ಹೇಳಿದರು. ಮದುವೆಯಾದ ಹತ್ತನೆಯ ವರ್ಷ ಅವರಿಗೊಂದು ಹೆಣ್ಣು ಮಗುವಿತ್ತು. ಜ್ವರ ಬಂದಾಗ ಮಿಲ್ಲಿನ ಡಿಸ್ಪೆನ್ಸರಿಯಲ್ಲಿ ಡಾಕ್ಟರು ಔಷಧಿ ಬರೆದರು. ಕಾಂಪೌಂಡರ್ ಬಾಟಲಿ ಕೈಗೆ ತೆಗೆದುಕೊಂಡು, ಇವರ ಮುಖ ನೋಡಿ, ಮತ್ತೆ ಕಪಾಟಿನಲ್ಲಿಟ್ಟ. ಮುಗಿದಿದೆ, ನಾಳೆ ಬಾ ಎಂದ. ಮಗು ನಾಳೆಯವರೆಗೆ ಇರಲಿಲ್ಲ. ದೊಡ್ಡಣ್ಣ ಸಂಘ ಸೇರಿದ್ದು ಆಮೇಲೆ. ಗಿರಿಜಾದೇವಿ ಮಾತ್ರೆಯನ್ನು ಬಾಟಲಿಗೆ ಮರಳಿಸಿದ ದಿನ ಅವರ ಕಣ್ಣಿಗೆ ಕಂಡಿದ್ದು ಆ ಕೈ. ಗುರುಬಸಪ್ಪ ಇದನ್ನು ಕೇಸ್ ಡೈರಿಯಲ್ಲಿ ಮೂರು ಸಾಲಿನಲ್ಲಿ ಬರೆದು, ಪೆನ್ನು ಮುಚ್ಚಿಟ್ಟು, ಮುದುಕರಿಗೆ ಕಾಫಿ ತರಿಸಿದರು.

ಜಾಮೀನು ಸಿಗುವ ಅಪರಾಧ. ಆದರೆ ಹೊಣೆಗೆ ಸಹಿ ಹಾಕುವವರು ಬೇಕು. ಸಂಜೆ 5.40ಕ್ಕೆ ಉಲ್ಲಾಳದ ಬಸ್ಸಿಗೆ ಹೋಗಬೇಕಿದ್ದ ಗಿರಿಜಾದೇವಿ ಠಾಣೆಯೊಳಕ್ಕೆ ಬಂದರು.

‘‘ನಾನು ಹಾಕ್ತೀನಿ ಸಾರ್.’’

‘‘ಯೋಚನೆ ಮಾಡಿ ಸಿಸ್ಟರ್. ನಿಮ್ಮ ಮೇಲೆ ದೂರು ಕೊಟ್ಟ ಮನುಷ್ಯ.’’

‘‘ಮಾಡಿದೀನಿ. ಒಂದು ಷರತ್ತು. ನಾಳೆಯಿಂದ ದಿನಾ ಹನ್ನೆರಡಕ್ಕೆ ಬಂದು ಅಮ್ಮನ ನಾಡಿ ಎಣಿಸೋದು ಕಲೀಬೇಕು. ಮನೆಗೆ ಹೋದ್ಮೇಲೆ ಎಣಿಸೋರು ಯಾರು?’’

ದೊಡ್ಡಣ್ಣ ಷರತ್ತನ್ನು ಬರವಣಿಗೆಯಲ್ಲಿ ಕೊಡುವಂತೆ ಕೇಳಿದರು. ಅಭ್ಯಾಸ ಬಿಡಬೇಕಲ್ಲ.

ಸೆಪ್ಟೆಂಬರ್ 6, ಶನಿವಾರ, ಗೌರಿ ಹಬ್ಬ. ಮಧ್ಯಾಹ್ನ ಹನ್ನೆರಡಕ್ಕೆ ಗುರುಬಸಪ್ಪ ಸಮವಸ್ತ್ರದಲ್ಲೇ ವಾರ್ಡಿಗೆ ಬಂದರು, ತನಿಖೆಯ ನಿಮಿತ್ತವೆಂದು ಡೈರಿಯಲ್ಲಿದೆ. ದೊಡ್ಡಣ್ಣ ಸ್ಟೆತಾಸ್ಕೋಪನ್ನು ಕಿವಿಗೆ ಹಾಕಿಕೊಂಡು, ಸಿಸ್ಟರ್ ಅವರ ಗಡಿಯಾರವನ್ನು ಮುಂದಿಟ್ಟುಕೊಂಡು, ದೊಡ್ಡ ದನಿಯಲ್ಲಿ ಎಣಿಸುತ್ತಿದ್ದರು. ವಾರ್ಡಿಗೆ ವಾರ್ಡೇ ಸುಮ್ಮನಿತ್ತು. ಐವತ್ತೆಂಟು ಬಂತು. ಐವತ್ತೊಂಬತ್ತು ಬಂತು. ಅರವತ್ತು ಎಂದಾಗ ಅವರ ದನಿ ಒಡೆಯಿತು, ಎಣಿಕೆ ನಿಲ್ಲಿಸಲಿಲ್ಲ. ಅರವತ್ತನಾಲ್ಕಕ್ಕೆ ಮುಳ್ಳು ಒಂದು ಸುತ್ತು ಮುಗಿಸಿತು. ಐದನೆಯ ಹಾಸಿಗೆಯವಳು ಚಪ್ಪಾಳೆ ತಟ್ಟಿದಳು.

‘‘ಎಲ್ಲಾ ಬೆಳ್ಳಗಾಗೋಯ್ತು,’’ ಚಿಕ್ಕಲಕ್ಷ್ಮಮ್ಮ ಹಾಸಿಗೆಯ ಬಟ್ಟೆ ಸವರಿ ನೋಡಿ ಗೊಣಗಿದರು. ‘‘ಹಬ್ಬ ಕಳೆಯೋವರೆಗಾದ್ರೂ ಇರಬಾರದಿತ್ತಾ.’’ ಆಮೇಲೆ ದಿಂಬಿನ ಪಕ್ಕದಲ್ಲಿದ್ದ ಬಾಗಿನದ ಮೊರವನ್ನು ಗಿರಿಜಾದೇವಿಯ ಕೈಗಿಟ್ಟರು.

ದೊಡ್ಡಣ್ಣ ಕ್ಯಾರಿಯರ್ ಬಿಚ್ಚಿ ಊಟ ಮಾಡಿಸಿದರು. ಕೊನೆಗೆ ಬಾಳೆಹಣ್ಣು ಸುಲಿದು, ಎರಡು ತುಂಡು ಮಾಡಿ, ಒಳಗೇನೂ ಇಲ್ಲವೆಂದು ಮೊದಲು ಸಿಸ್ಟರ್‌ಗೆ, ಆಮೇಲೆ ಇನ್ಸ್‌ಪೆಕ್ಟರಿಗೆ ತೋರಿಸಿ, ಹೆಂಡತಿಯ ಬಾಯಿಗಿಟ್ಟರು. ಚಿಕ್ಕಲಕ್ಷ್ಮಮ್ಮ ನಿಧಾನವಾಗಿ ಅಗಿದು ನುಂಗಿದರು.

‘‘ಇವತ್ತು ಸಿಹಿಯಾಗೈತೆ,’’ ಎಂದರು.